ಸೋತ ತಂಡದ ಗೆದ್ದ ಹಾಡು

ನಮ್ಮ ಕಡೆ ಟೆನಿಸ್ ಬಾಲ್ ಟೂರ್ನಮೆಂಟ್ ಎಂದರೆ ಮೂರು ಇರಲೇಬೇಕು. ಶಾಮಿಯಾನ, ಟೇಬಲ್ ಮೇಲೊಂದು ಕಪ್, ಮೈಕ್ ಸೆಟ್. ಬಾಲ್ ಬೌಂಡರಿ ದಾಟಿದರೆ ಕುಣಿಸುವ ಹಾಡು, ವಿಕೆಟ್ ಬಿದ್ದರೆ ಕಿಚಾಯಿಸುವ ಹಾಡು. ಅಂಥ ಮೈದಾನದಲ್ಲಿ ಕಣ್ಣು ಒದ್ದೆ ಮಾಡುವ ಹಾಡೊಂದು ನಮ್ಮ ತಂಡದ ಹಾಡಾಗಿಬಿಟ್ಟಿದೆ. ಹೇಗಾಯಿತು ಎಂದು ಹೇಳಬೇಕಾದರೆ 2021ರ ದೀಪಾವಳಿಗೆ ಹೋಗಬೇಕು.

ನಮ್ಮದು ತಿಪಟೂರಿಗೂ ತುರುವೇಕೆರೆಗೂ ನಡುವಿನ ಹಳ್ಳಿ. ಊರ ಸುತ್ತ ತೆಂಗಿನ ತೋಟ, ತೋಟದಾಚೆ ನಾವು ಆಡುವ ಬಯಲು. ಆ ವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರಿಗಿನ್ನೂ 46 ವರ್ಷ. ವಾರ ಕಳೆಯುವಷ್ಟರಲ್ಲಿ ಹಬ್ಬ. ಈ ಸಲ ಟೂರ್ನಮೆಂಟ್ ಬೇಡ ಎಂದರು ಅರ್ಧ ಜನ. ಅಪ್ಪು ಹೆಸರಲ್ಲೇ ಆಡೋಣ ಎಂದರು ಉಳಿದರ್ಧ. ಕೊನೆಗೆ ಶಾಮಿಯಾನದಲ್ಲಿ ಅವರ ಫೋಟೊ ಇಟ್ಟು, ಹಾರ ಹಾಕಿ, ಎರಡು ನಿಮಿಷ ಮೌನವಾಗಿ ನಿಂತು ಆಟ ಶುರು ಮಾಡಿದೆವು.

ಸೆಮಿಫೈನಲ್‌ನಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ತಂಡ ಎದುರಾಯಿತು. ಕೊನೇ ಬಾಲ್‌ಗೆ ನಾಲ್ಕು ರನ್ ಬೇಕು. ಬ್ಯಾಟ್ ನನ್ನ ಕೈಯಲ್ಲಿ. ಕಣ್ಣು ಮುಚ್ಚಿ ಬೀಸಿದೆ, ವಿಕೆಟ್ ಹಾರಿತು. ಇನ್ನು ಮೈಕ್‌ನಲ್ಲಿ ನನ್ನ ಮಾನ ಹರಾಜು ಎಂದುಕೊಂಡು ತಲೆ ತಗ್ಗಿಸಿ ನಡೆದೆ. ಕೇಳಿಸಿದ್ದು ‘ಬೊಂಬೆ ಹೇಳುತೈತೆ’. ಗದ್ದಲ ಥಟ್ಟನೆ ನಿಂತಿತು. ಬೌಂಡರಿ ಗೆರೆಯ ಮೇಲೆ ಕೂತಿದ್ದ ಚಿಕ್ಕ ಹುಡುಗರು ಮೊದಲು ದನಿಗೂಡಿಸಿದರು. ಆಮೇಲೆ ನಮ್ಮವರು. ಆಮೇಲೆ ಗೆದ್ದ ತಂಡದವರೂ. ನಾನು ಪ್ಯಾಡು ಬಿಚ್ಚುವ ನೆಪದಲ್ಲಿ ಮುಖ ಮರೆಸಿಕೊಂಡೆ.

ಸಂಜೆ ಮೈಕ್ ಸೆಟ್ ಅಣ್ಣನನ್ನು ಕೇಳಿದೆ, ‘ಯಾಕಣ್ಣ ಅದೇ ಹಾಡು ಹಾಕ್ದೆ?’

‘ಪೆನ್‌ಡ್ರೈವ್‌ನಲ್ಲಿ ಮುಂದಿನ ಹಾಡು ಅದೇ ಇತ್ತು ಕಣ್ಲಾ. ತೆಗೆಯನಾ ಅಂದ್ಕಂಡೆ, ನಿನ್ ಮಕ ನೋಡಿ ಮನಸ್ ಬರ್ಲಿಲ್ಲ.’

ಇಷ್ಟೇ. ಮುಂದಿನ ವರ್ಷದಿಂದ ನಾವು ಮೈದಾನಕ್ಕಿಳಿದರೂ ಅದೇ ಹಾಡು, ಸೋತು ಹೊರಬಂದರೂ ಅದೇ ಹಾಡು.

ಹಾಡು 2017ರ ‘ರಾಜಕುಮಾರ’ ಚಿತ್ರದ್ದು. ನಿರ್ದೇಶಕ ಸಂತೋಷ್ ಆನಂದರಾಮ್ ಅವರೇ ಬರೆದಿದ್ದು. ವಿ. ಹರಿಕೃಷ್ಣ ಸಂಗೀತ, ವಿಜಯ್ ಪ್ರಕಾಶ್ ಕಂಠ. ಆದರೆ ಆ ಬೊಂಬೆ ಎಲ್ಲಿಂದ ಬಂತು ಎಂದು ನನಗೆ ಹೇಳಿದ್ದು ಅಪ್ಪ. ‘ಹಾಡು ಹೊಸದು ಕಣೋ, ಬೊಂಬೆ ಹಳೇದು’ ಎಂದು ಫೋನ್‌ನಲ್ಲಿ 1971ರ ‘ಕಸ್ತೂರಿ ನಿವಾಸ’ ಹಾಕಿಸಿಕೊಂಡು ಕೂತರು. ದೊರೆ-ಭಗವಾನ್ ನಿರ್ದೇಶನದ ಆ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಕೇಳಿದವರಿಗೆ ಇಲ್ಲ ಎನ್ನದೆ ಕೊಟ್ಟು ಕೊಟ್ಟು ಬರಿಗೈಯಾಗುವ ಶ್ರೀಮಂತ. ಅದರಲ್ಲೊಂದು ಬೊಂಬೆಯ ಹಾಡಿದೆ. ಎಷ್ಟು ತಳ್ಳಿದರೂ ಓಲಾಡಿ ಮತ್ತೆ ನೆಟ್ಟಗೆ ನಿಲ್ಲುವ ಬೊಂಬೆ. 46 ವರ್ಷದ ಬಳಿಕ ಮಗನ ಚಿತ್ರದಲ್ಲಿ ಮಾತಾಡುವುದು ಆ ಬೊಂಬೆಯೇ. ಅಪ್ಪನಿಗೆ ಸಲ್ಲಿಸಿದ ಗೌರವವಾಗಿ ಬಂದ ಹಾಡು, ನಾಲ್ಕೇ ವರ್ಷದಲ್ಲಿ ಮಗನಿಗೇ ವಿದಾಯದ ಹಾಡಾಯಿತು.

ಆಟಕ್ಕೆಂದು ಬರೆಯದ ಹಾಡು ಆಟದವರದಾಗುವುದು ಬೇರೆ ಕಡೆಯೂ ಇದೆ. 1979ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡ, ಸಿಸ್ಟರ್ ಸ್ಲೆಡ್ಜ್ ಎಂಬ ಅಕ್ಕ-ತಂಗಿಯರ ತಂಡ ಹಾಡಿದ ‘ವಿ ಆರ್ ಫ್ಯಾಮಿಲಿ’ಯನ್ನು ತನ್ನದಾಗಿಸಿಕೊಂಡಿತು. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ 3-1ರಿಂದ ಹಿಂದಿದ್ದು, ಉಳಿದ ಮೂರೂ ಪಂದ್ಯ ಗೆದ್ದಿತು. ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಅಭಿಮಾನಿಗಳು ಹಾಡುವ ‘ಯು ವಿಲ್ ನೆವರ್ ವಾಕ್ ಅಲೋನ್’ ಮೂಲದಲ್ಲಿ 1945ರ ಸಂಗೀತ ನಾಟಕವೊಂದರದು. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಸಮಾಧಾನ ಹೇಳುವ ಹಾಡು ಅದು. ಗೆದ್ದಾಗ ಕುಣಿಯಲು ಯಾವ ಹಾಡಾದರೂ ನಡೆಯುತ್ತದೆ. ಸೋತಾಗಲೂ ಒಟ್ಟಿಗೆ ಹಾಡಬಹುದಾದ ಹಾಡು ಮಾತ್ರ ತಂಡದ್ದಾಗಿ ಉಳಿಯುತ್ತದೆ ಅನ್ನಿಸುತ್ತದೆ.

ನಮಗೆ ಅದು ಗೊತ್ತಾಗಿದ್ದು 2023ರಲ್ಲಿ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಕಾಪಾಡಿದರೆ ಉಂಡೆ ಕೊಬ್ಬರಿ. ಆ ವರ್ಷ ಅದಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು, ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಕುಸಿದಿತ್ತು. ಎಂಟ್ರಿ ಫೀಸ್‌ಗೆ ದುಡ್ಡು ಕೇಳಿದರೆ ಮನೆಯವರು ಅಟ್ಟ ತೋರಿಸುತ್ತಿದ್ದರು. ತಂಡದ ಆರು ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರು ಸೇರಿದ್ದರು. ನಾನು ಎರಡನೇ ಸಲ ನೇಮಕಾತಿ ಪರೀಕ್ಷೆ ಬರೆದು, ಪಟ್ಟಿಯಲ್ಲಿ ಹೆಸರಿಲ್ಲದೆ, ಜನರ ಮುಖ ನೋಡಲಾಗದೆ ತೋಟದಲ್ಲೇ ಇರುತ್ತಿದ್ದೆ. ಈ ಸಲ ತಂಡ ಇಲ್ಲ ಎಂದು ಗ್ರೂಪ್‌ನಲ್ಲಿ ಬರೆದವನು ನಾನೇ.

ಯಾರೂ ವಾದ ಮಾಡಲಿಲ್ಲ. ಬೆಂಗಳೂರಿನಿಂದ ಒಬ್ಬ ಆ ಹಾಡು ಕಳಿಸಿದ, ಅಷ್ಟೇ. ಅದರ ಕೆಳಗೆ ಇನ್ನೊಬ್ಬ ಇನ್ನೂರು ರೂಪಾಯಿ ಹಾಕಿದ ಸ್ಕ್ರೀನ್‌ಶಾಟ್. ದೀಪಾವಳಿ ಬೆಳಿಗ್ಗೆ ಆರೂ ಜನ ತಿಪಟೂರು ಸ್ಟೇಷನ್‌ನಲ್ಲಿ ರೈಲಿಳಿದರು. ಮೊದಲ ಪಂದ್ಯ ಗೆದ್ದೆವು, ಎರಡನೆಯದು ಸೋತೆವು. ಹಾಡು ಬಂತು, ಹಾಡಿದೆವು. ಮುಖ ಮರೆಸಿಕೊಳ್ಳಬೇಕು ಎಂದು ನನಗೆ ಆವತ್ತು ಅನ್ನಿಸಲಿಲ್ಲ. ಹಬ್ಬ ಮುಗಿದ ಮೇಲೆ ಮತ್ತೆ ಅರ್ಜಿ ಹಾಕಿದೆ.

ಹಾಡಿನಿಂದ ಕೆಲಸ ಸಿಗುವುದಿಲ್ಲ, ಕೊಬ್ಬರಿಗೆ ರೇಟೂ ಬರುವುದಿಲ್ಲ. ಸೋತ ದಿನ ಒಬ್ಬನೇ ಮನೆಗೆ ಹೋಗದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಅದು ಸಣ್ಣ ಮಾತಲ್ಲ.

ಕಪ್ ಇನ್ನೂ ನಮ್ಮೂರಿಗೆ ಬಂದಿಲ್ಲ. ಮೈಕ್ ಸೆಟ್ ಅಣ್ಣನ ಪೆನ್‌ಡ್ರೈವ್‌ನಲ್ಲಿ ಮಾತ್ರ ಈಗ ಅದೇ ಮೊದಲ ಹಾಡು.