ಜೀವಿಮೂಲವನ್ನರಸಿದ ಕಡಲ ವಿಜ್ಞಾನಿ

ಋಷಿಮೂಲ, ನದೀಮೂಲಗಳನ್ನು ಕೆದಕಬಾರದೆಂಬುದು ಲೋಕರೂಢಿಯ ಮಾತು. ಪೂಜ್ಯವಾದುದನ್ನು ಅದರ ಇಂದಿನ ಮಹಿಮೆಯಿಂದಲೇ ಅರಿಯಬೇಕೆಂಬುದು ಅದರ ತಾತ್ಪರ್ಯ. ವಿಜ್ಞಾನದ ಹಾದಿಯಾದರೋ ಬೇರೆ. ಕಣ್ಣೆದುರಿನ ವಸ್ತು ಎಲ್ಲಿಂದ ಬಂದಿತು, ಯಾವಾಗ ಬಂದಿತು, ಹೇಗೆ ಬಂದಿತು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಅದು ಮುಂದಡಿಯಿಡದು. ಈ ಪ್ರಶ್ನೆಗಳನ್ನೇ ಕಡಲತೀರದ ಹುಳು, ಚಿಪ್ಪು, ಏಡಿಗಳ ವಿಷಯದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕು ಕೇಳುತ್ತ ಬಂದವರು ಅಮೆರಿಕದ ಸಾಗರ ಪರಿಸರ ವಿಜ್ಞಾನಿ ಜೇಮ್ಸ್ ಕಾರ್ಲ್‌ಟನ್.

ಅವರ ವಿದ್ಯಾಜೀವನದ ಬೀಜ ಬಿದ್ದದ್ದು ಬಾಲ್ಯದಲ್ಲಿ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ನಗರದ ನಡುವೆ ಮೆರಿಟ್ ಎಂಬ ಉಪ್ಪುನೀರಿನ ಸರೋವರವಿದೆ. ೧೯೬೨ರ ಸುಮಾರಿನಲ್ಲಿ, ಹದಿನಾಲ್ಕರ ಹರೆಯದ ಬಾಲಕ ಕಾರ್ಲ್‌ಟನ್‌ಗೆ ಅದರ ದಂಡೆಯಲ್ಲಿ ಸುಣ್ಣದ ಸಣ್ಣ ಕೊಳವೆಗಳು ಒಂದರೊಡನೊಂದು ಹೆಣೆದುಕೊಂಡ ಗಂಟೊಂದು ಕಣ್ಣಿಗೆ ಬಿದ್ದಿತು. ಪ್ರತಿ ಕೊಳವೆಯೂ ಒಂದೊಂದು ಹುಳುವಿನ ಮನೆ. ವಿಚಾರಿಸಲಾಗಿ, ಆ ಹುಳು ಆ ನಾಡಿನದಲ್ಲ, ದೂರದ ಕಡಲುಗಳನ್ನು ದಾಟಿ ಬಂದುದೆಂದು ತಿಳಿಯಿತು. ಅದರ ಶಾಸ್ತ್ರೀಯ ನಾಮದಲ್ಲಿಯೇ 'ಒಗಟಿನಂತಹುದು' ಎಂಬ ಅರ್ಥದ ಪದವಿದೆ. ಆ ಒಗಟು ಬಾಲಕನನ್ನು ಬಿಡಲಿಲ್ಲ. ೧೯೭೯ರಲ್ಲಿ ಅವರು ಡಾಕ್ಟರೇಟ್ ಪದವಿಗಾಗಿ ಸಲ್ಲಿಸಿದ ಮಹಾಪ್ರಬಂಧದ ವಿಷಯವೂ ಉತ್ತರ ಅಮೆರಿಕದ ಪೆಸಿಫಿಕ್ ತೀರಕ್ಕೆ ಹೊರಗಿನಿಂದ ಬಂದು ನೆಲೆಸಿದ ಜೀವಿಗಳೇ ಆಗಿದ್ದವು.

ಪರದೇಶದ ಜೀವಿ ನೆಲೆಯೂರಿ ಸ್ಥಳೀಯವಾದುದನ್ನು ಒತ್ತರಿಸುವ ಬಗೆ ಒಳನಾಡಿನವರಿಗೂ ಅಪರಿಚಿತವಲ್ಲ. ಹೊಲದ ಬದುಗಳನ್ನು ಮುತ್ತಿರುವ ಕಾಂಗ್ರೆಸ್ ಕಸವೂ ಕೆರೆಗಳನ್ನು ಹಾಸಿ ಮುಚ್ಚುವ ನೇರಳೆ ಹೂವಿನ ಜಲಕಳೆಯೂ ಅಮೆರಿಕ ಖಂಡಗಳಿಂದ ಬಂದವು. ಇವು ಕಣ್ಣಿಗೆ ಕಾಣುತ್ತವೆ. ಆದ್ದರಿಂದ ರೈತನು ದೂರುತ್ತಾನೆ, ಕೀಳುತ್ತಾನೆ. ಕಡಲ ನೀರಿನಡಿಯ ಆಕ್ರಮಣವನ್ನು ಕಾಣುವವರಾರು? ಕಾರ್ಲ್‌ಟನ್ನರ ಸಾಧನೆಯ ಹಿರಿಮೆಯಿರುವುದು ಇಲ್ಲಿಯೇ.

ಸರಕನ್ನಿಳಿಸಿದ ಹಡಗು ಹಗುರಾಗಿ ಓಲಾಡುತ್ತದೆ. ಸಮತೋಲಕ್ಕಾಗಿ ಹಿಂದೆ ಕಲ್ಲು ಮರಳುಗಳನ್ನು ತುಂಬುತ್ತಿದ್ದರು. ಉಕ್ಕಿನ ಹಡಗುಗಳ ಕಾಲದಲ್ಲಿ ಬಂದರಿನ ನೀರನ್ನೇ ತೊಟ್ಟಿಗಳಿಗೆ ಏರಿಸತೊಡಗಿದರು. ನಾವಿಕರು ಬ್ಯಾಲಸ್ಟ್ ಎನ್ನುವ ಈ ನಿಲುಭಾರದ ನೀರನ್ನು ಮತ್ತೊಂದು ಬಂದರಿನಲ್ಲಿ ಸರಕು ತುಂಬುವಾಗ ಹೊರಚೆಲ್ಲುತ್ತಾರೆ. ಆ ನೀರು ಬರಿಯ ನೀರಲ್ಲ. ಚಿಪ್ಪುಜೀವಿ, ಏಡಿ, ಹುಳುಗಳ ಸೂಕ್ಷ್ಮ ಮರಿಗಳೂ ಪಾಚಿಯ ಕಣಗಳೂ ಅದರಲ್ಲಿ ತೇಲುತ್ತಿರುತ್ತವೆ. ಕಾರ್ಲ್‌ಟನ್ ಮತ್ತು ಅವರ ಸಹೋದ್ಯೋಗಿ ಜೊನಾಥನ್ ಗೆಲ್ಲರ್ ಒರೆಗಾನ್ ರಾಜ್ಯದ ಕೂಸ್ ಬೇ ಬಂದರಿಗೆ ಜಪಾನಿನಿಂದ ಬಂದ ೧೫೯ ಸರಕು ಹಡಗುಗಳ ತೊಟ್ಟಿಗಳನ್ನು ಪರೀಕ್ಷಿಸಿ, ೩೬೭ ಬಗೆಯ ಜೀವಿಗಳನ್ನು ಗುರುತಿಸಿ, ೧೯೯೩ರಲ್ಲಿ ಪ್ರಕಟಿಸಿದರು. ಹಡಗು ಸರಕನ್ನಷ್ಟೇ ಅಲ್ಲ, ಒಂದು ಕಡಲತೀರದ ಜೀವಸಮೂಹವನ್ನೇ ಹೊತ್ತು ಸಾಗುತ್ತದೆಂಬುದು ಇದರಿಂದ ಸಿದ್ಧವಾಯಿತು. ಆಂಡ್ರೂ ಕೋಹೆನ್ನರೊಡನೆ ೧೯೯೮ರಲ್ಲಿ ಪ್ರಕಟಿಸಿದ ಲೇಖನ ಇನ್ನೂ ಗಾಬರಿಗೊಳಿಸುವಂತಹುದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ನೆಲೆಗೊಂಡ ಪರಸ್ಥಳದ ಪ್ರಭೇದಗಳು ೨೩೪. ೧೯೬೧ರಿಂದ ೧೯೯೫ರವರೆಗಿನ ಅವಧಿಯಲ್ಲಿ ಸರಾಸರಿ ೧೪ ವಾರಕ್ಕೊಂದರಂತೆ ಹೊಸ ಪ್ರಭೇದ ಅಲ್ಲಿ ಬೇರೂರಿತ್ತು.

ಭಾರತದ ತೀರವೂ ಇದಕ್ಕೆ ಹೊರತಲ್ಲ. ಮಧ್ಯ ಅಮೆರಿಕದ ಕಡೆಯ ಒಂದು ಕಿರುಚಿಪ್ಪು ೧೯೬೦ರ ದಶಕದಲ್ಲಿಯೇ ವಿಶಾಖಪಟ್ಟಣದ ಬಂದರಿನಲ್ಲಿ ಕಾಣಿಸಿಕೊಂಡು ಹಡಗುಗಳ ತಳಕ್ಕೂ ಕಟ್ಟೆಗಳಿಗೂ ದಟ್ಟವಾಗಿ ಅಂಟಿಕೊಂಡಿತು. ಲೋಕದ ಬಂದರುಗಳೆಲ್ಲ ಒಂದೇ ಹೆದ್ದಾರಿಯ ನಿಲ್ದಾಣಗಳಾದ ಮೇಲೆ, ಒಂದು ದೇಶ ಮಾತ್ರ ಬಾಗಿಲಿಕ್ಕಿಕೊಂಡು ಫಲವಿಲ್ಲ. ಈ ಅರಿವಿನಿಂದಲೇ ೨೦೦೪ರಲ್ಲಿ ನಿಲುಭಾರದ ನೀರಿನ ನಿರ್ವಹಣೆಗೆ ಅಂತಾರಾಷ್ಟ್ರೀಯ ಒಪ್ಪಂದವೇರ್ಪಟ್ಟು, ೨೦೧೭ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ತೀರದ ನೀರನ್ನು ನಡುಗಡಲಲ್ಲಿ ಬದಲಿಸುವುದು ಅದರ ಆರಂಭಕಾಲದ ವಿಧಿಯಾಗಿತ್ತು; ಶೋಧಿಸಿ ಜೀವಿಗಳ ಸಂಖ್ಯೆಯನ್ನು ಗೊತ್ತಾದ ಮಿತಿಗಿಳಿಸಿದ ಬಳಿಕವೇ ಹೊರಬಿಡುವುದು ಅದರ ಮುಖ್ಯ ವಿಧಿ.

ಕಾರ್ಲ್‌ಟನ್ನರ ಪಾಂಡಿತ್ಯದ ಪ್ರಾಮಾಣಿಕತೆ ಮತ್ತೊಂದೆಡೆ ಹೊಳೆಯುತ್ತದೆ. ಹಡಗುಗಳು ಶತಮಾನಗಳಿಂದ ಸಂಚರಿಸಿವೆ. ವಿಜ್ಞಾನಿಗಳು ತೀರಗಳ ಜೀವಿಗಳನ್ನು ಪಟ್ಟಿಮಾಡತೊಡಗಿದ್ದು ಬಹಳ ತಡವಾಗಿ. ಹಾಗಿರಲು, ಪಟ್ಟಿಯಲ್ಲಿ ಸ್ಥಳೀಯವೆಂದು ಬರೆದುದೆಲ್ಲ ನಿಜವಾಗಿ ಸ್ಥಳೀಯವೇ? ಸ್ಥಳೀಯವೆಂದೂ ಪರಕೀಯವೆಂದೂ ನಿರ್ಣಯಿಸಲಾಗದ ಜೀವಿಗಳಿಗೆ ಅವರು 'ಕ್ರಿಪ್ಟೊಜೆನಿಕ್' ಎಂಬ ಹೆಸರನ್ನು ಬಳಕೆಗೆ ತಂದು, ೧೯೯೬ರಲ್ಲಿ ಅದನ್ನು ವಿಶದಪಡಿಸಿದರು. ಗ್ರೀಕ್ ಮೂಲದ ಈ ಪದವನ್ನು ಕನ್ನಡದಲ್ಲಿ 'ಗೂಢಮೂಲ' ಎನ್ನಬಹುದು. ತಿಳಿಯದುದನ್ನು ತಿಳಿದಂತೆ ಬರೆಯದೆ, ತಿಳಿಯದೆಂದೇ ನಮೂದಿಸಲು ಒಂದು ಪದವನ್ನು ಕೊಡುವುದೂ ಶಾಸ್ತ್ರಸೇವೆಯೇ.

ಬಂದುದನ್ನು ಮಾತ್ರವಲ್ಲ, ಹೋದುದನ್ನೂ ಅವರು ಲೆಕ್ಕವಿಟ್ಟರು. ಅಟ್ಲಾಂಟಿಕ್ ತೀರದ ಕಡಲಹುಲ್ಲಿನ ಎಸಳುಗಳ ಮೇಲೆಯೇ ಬಾಳುತ್ತಿದ್ದ ಪುಟ್ಟ ಚಿಪ್ಪಿನ ಜೀವಿಯೊಂದಿತ್ತು. ೧೯೩೦ರ ದಶಕದ ಆರಂಭದಲ್ಲಿ ರೋಗ ತಗುಲಿ ಹುಲ್ಲು ನಾಶವಾಯಿತು. ಉಪ್ಪು ಕಡಮೆಯಿರುವ ಅಳಿವೆಗಳಲ್ಲಿ ಹುಲ್ಲು ಕೆಲಮಟ್ಟಿಗೆ ಉಳಿದರೂ ಅಂತಹ ನೀರು ಈ ಜೀವಿಗೆ ಒಗ್ಗದು, ಅದು ಅಳಿದೇಹೋಯಿತು. ಅದರ ಅಳಿವನ್ನು ಕಾರ್ಲ್‌ಟನ್ನರೂ ಸಹೋದ್ಯೋಗಿಗಳೂ ಲೋಕಕ್ಕೆ ತಿಳಿಸಿದ್ದು ೧೯೯೧ರಲ್ಲಿ. ಸುಮಾರು ಅರವತ್ತು ವರ್ಷ ಒಂದು ಕುಲವೇ ಇಲ್ಲವಾಗಿದ್ದರೂ ಯಾರೂ ಗಮನಿಸಿರಲಿಲ್ಲ! ಕಾಣದೆ ಬಂದವುಗಳಿಗಿಂತ ಕಾಣದೆ ಹೋದವುಗಳ ಕಥೆ ಹೆಚ್ಚು ಶೋಚನೀಯ. ಬಂದುದನ್ನು ತಡೆಯಬಹುದು, ಹೋದುದನ್ನು ಮರಳಿ ತರಲಾಗದು.

ಮುಪ್ಪಿನಲ್ಲಿಯೂ ಆ ಕುತೂಹಲ ಕುಂದಲಿಲ್ಲ. ೨೦೧೧ರ ಮಾರ್ಚ್ ೧೧ರಂದು ಜಪಾನನ್ನು ಅಪ್ಪಳಿಸಿದ ಸುನಾಮಿ ಕೊಚ್ಚಿದ ದೋಣಿ, ಕಟ್ಟೆ, ಪ್ಲಾಸ್ಟಿಕ್ ವಸ್ತುಗಳು ಸಾವಿರಾರು ಮೈಲಿ ತೇಲಿ ಅಮೆರಿಕದ ದಡ ಸೇರಿದವು. ಮಿಸಾವಾ ಬಂದರಿನ ಕಟ್ಟೆಯ ಬೃಹತ್ ತುಂಡೊಂದು ೨೦೧೨ರ ಜೂನಿನಲ್ಲಿ ಒರೆಗಾನಿಗೆ ಬಂದು ತಲಪಿತು. ಇಂತಹ ಅವಶೇಷಗಳ ಮೇಲೆ ಜೀವಂತವಾಗಿ ಬಂದ ೨೮೯ ಜಪಾನೀ ಪ್ರಭೇದಗಳನ್ನು ಕಾರ್ಲ್‌ಟನ್ನರ ತಂಡ ೨೦೧೭ರಲ್ಲಿ ವರದಿ ಮಾಡಿತು. ಮರದ ತೆಪ್ಪ ಕೆಲಕಾಲದಲ್ಲಿ ಕೊಳೆತು ಮುಳುಗೀತು. ಮನುಷ್ಯನು ಎಸೆದ ಪ್ಲಾಸ್ಟಿಕ್ ಕೊಳೆಯದೆ ವರ್ಷಾನುಗಟ್ಟಲೆ ತೇಲುತ್ತದೆ. ಅದೇ ಜೀವಿಗಳಿಗೆ ಹೊಸ ನೌಕೆಯಾಯಿತು.

ಕಾಲು ಶತಮಾನದಷ್ಟು ಕಾಲ ಕಾರ್ಲ್‌ಟನ್ ಕನೆಕ್ಟಿಕಟ್‌ನ ಮಿಸ್ಟಿಕ್‌ನಲ್ಲಿ ವಿಲಿಯಮ್ಸ್ ಕಾಲೇಜಿನ ಸಾಗರ ಅಧ್ಯಯನ ಶಿಕ್ಷಣಕ್ರಮದ ನಿರ್ದೇಶಕರಾಗಿದ್ದರು. ಅಲ್ಲಿ ವಿದ್ಯಾರ್ಥಿಗಳು ಕಡಲಿನ ವಿಜ್ಞಾನದೊಡನೆಯೇ ಕಡಲಿನ ಸಾಹಿತ್ಯ, ಇತಿಹಾಸ, ಕಾನೂನುಗಳನ್ನೂ ಅಭ್ಯಸಿಸುತ್ತಿದ್ದರು. ವಿದ್ಯೆಗಳ ನಡುವಿನ ಗೋಡೆ ಅಲ್ಲಿರಲಿಲ್ಲ.

ಇಷ್ಟೆಲ್ಲಕ್ಕೂ ಮೂಲ, ಸರೋವರದ ದಂಡೆಯಲ್ಲಿ ಬಾಲಕನೊಬ್ಬನು ಕೇಳಿದ 'ಇದೇನು?' ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹೇಳುವವರು ದೊರೆತುದು ಅವನ ಭಾಗ್ಯ. ಕೆರೆಯಂಗಳದಿಂದ ಹುಳುವನ್ನೋ ಚಿಪ್ಪನ್ನೋ ಅಂಗೈಯಲ್ಲಿಟ್ಟು ತರಗತಿಗೆ ತರುವ ಹುಡುಗರು ಎಲ್ಲ ಶಾಲೆಗಳಲ್ಲಿಯೂ ಇದ್ದಾರೆ. 'ಎಸೆದು ಬಾ' ಎಂದು ಗದರುವುದು ಸುಲಭ, 'ಎಲ್ಲಿ ಸಿಕ್ಕಿತು?' ಎಂದು ಕೇಳುವುದು ಗುರುತ್ವ.