ಮ್ಯೂರ್ಸೋನ ವ್ಯಕ್ತಿತ್ವ: ಪಠ್ಯವೇ ಪ್ರಮಾಣ

ಅಸಂಗತ ಸಾಹಿತ್ಯದ ಪಾತ್ರಗಳು ತಮ್ಮ ನಡತೆಗೆ ಕಾರಣ ಹೇಳುವುದು ವಿರಳ. ಆದುದರಿಂದ ಓದುಗನು ತಾನೇ ಕಾರಣವನ್ನು ಕಲ್ಪಿಸಿ ಪಾತ್ರದ ಮೇಲೆ ಹೊರಿಸುವ ಅಪಾಯವುಂಟು. ಆಲ್ಬೆರ್ ಕಮೂ 1942ರಲ್ಲಿ ಪ್ರಕಟಿಸಿದ, ಡಿ. ಎ. ಶಂಕರ್ ಅವರು ‘ಅನ್ಯ’ವೆಂದು ಕನ್ನಡಿಸಿದ ಕಾದಂಬರಿಯ ನಾಯಕ ಮ್ಯೂರ್ಸೋ ಇದಕ್ಕೆ ಉತ್ತಮ ನಿದರ್ಶನ.

ವೃದ್ಧಾಶ್ರಮದಲ್ಲಿ ಮಡಿದ ತಾಯಿಯ ಮುಖವನ್ನು ಅವನು ನೋಡಲೊಲ್ಲನು. ಶವದ ಬಳಿ ಹಾಲು ಬೆರೆತ ಕಾಫಿ ಕುಡಿಯುತ್ತಾನೆ, ಸಿಗರೇಟು ಸೇದುತ್ತಾನೆ, ಅಳುವುದಿಲ್ಲ. ಮುಂದೆ ಕಡಲತೀರದಲ್ಲಿ ಅರಬನೊಬ್ಬನನ್ನು ಕೊಂದಾಗ, ಸರಕಾರಿ ವಕೀಲನು ಈ ಸಂಗತಿಗಳನ್ನೇ ಪೋಣಿಸಿ ಅವನನ್ನು ಹೃದಯಹೀನನೆಂದು ಸಾಧಿಸುತ್ತಾನೆ. ಸಂಗತಿಗಳೇನೋ ಸತ್ಯ, ತೀರ್ಮಾನ ಮಾತ್ರ ಅವುಗಳಲ್ಲಿ ಅಡಗಿಲ್ಲ.

ಬೇರೆ ಸಾಕ್ಷ್ಯಗಳೂ ಇವೆ. ತನ್ನನ್ನು ಪ್ರೀತಿಸುವೆಯಾ ಎಂದು ಮರೀ ಕೇಳಿದಾಗ, ಬಹುಶಃ ಇಲ್ಲವೆನ್ನುತ್ತಾನೆ. ಪಶ್ಚಾತ್ತಾಪವುಂಟೇ ಎಂದು ವಿಚಾರಣಾಧಿಕಾರಿ ಕೇಳಿದಾಗ, ವಿಷಾದಕ್ಕಿಂತ ಬೇಸರವೇ ಹೆಚ್ಚೆನ್ನುತ್ತಾನೆ. ಎರಡು ಕಡೆಯೂ ಸುಳ್ಳೊಂದು ಅನುಕೂಲವಾಗುತ್ತಿತ್ತು. ತನಗಿಲ್ಲದ ಭಾವವನ್ನು ನಟಿಸಲೊಲ್ಲದ ಸ್ವಭಾವ ಇಲ್ಲಿ ಗೋಚರಿಸುತ್ತದೆ.

ಹಾಗೆಂದು ಅವನನ್ನು ಸತ್ಯಸಂಧನೆಂದು ಕೊಂಡಾಡಲೂ ಬಾರದು. ನೆರೆಯ ರೇಮೋನನಿಗಾಗಿ, ಹೆಣ್ಣೊಬ್ಬಳನ್ನು ನೋಯಿಸಲೆಂದೇ ಪತ್ರ ಬರೆದುಕೊಟ್ಟವನು ಇವನೇ; ನೆಲಕ್ಕೆ ಬಿದ್ದ ದೇಹಕ್ಕೆ ಮತ್ತೆ ನಾಲ್ಕು ಗುಂಡು ಹಾರಿಸಿದವನೂ ಇವನೇ. ಇವನ್ನು ಮರೆತ ಹೊಗಳಿಕೆಯೂ ವಕೀಲನ ವಾದದಂತೆ ಅರ್ಧ ಸಾಕ್ಷ್ಯದ ತೀರ್ಪೇ.

ನಡೆ ನುಡಿಗಳೆರಡನ್ನೂ ಜತೆಯಲ್ಲಿಟ್ಟು ತೂಗಿ, ಪಠ್ಯವು ಮೌನವಾದೆಡೆ ತಾನೂ ಮೌನವಾಗುವುದು ಪಾತ್ರವಿಮರ್ಶೆಯ ಧರ್ಮ. ಕಣ್ಣೀರಿನಿಂದ ಮನುಷ್ಯನನ್ನು ಅಳೆಯುವ ರೂಢಿ ಕಮೂವಿನ ನ್ಯಾಯಾಲಯಕ್ಕಷ್ಟೇ ಸೀಮಿತವಲ್ಲ. ನಮ್ಮೂರುಗಳ ಸಾವಿನ ಮನೆಯಂಗಳದಲ್ಲಿಯೂ ಅದು ನಡೆದೇ ಇದೆ. ಅಳದೆ ನಿಂತ ಮಗನ ಒಳಗನ್ನು ಬಲ್ಲವರಾರು?