ಇದ್ದುದರಲ್ಲೇ ಕಟ್ಟಿದ ವೇಗ

ಅಮೆರಿಕದ ವೇಗದ ಕಾರುಗಳ ಚರಿತ್ರೆಯನ್ನು 1964ರ ಪಾಂಟಿಯಾಕ್ ಜಿಟಿಒದಿಂದ ಶುರುಮಾಡುವುದು ವಾಡಿಕೆ. ಅದಕ್ಕೂ ಒಂಬತ್ತು ವರ್ಷ ಮೊದಲು, 1955ರಲ್ಲಿ, ಕ್ರೈಸ್ಲರ್ ಕಂಪನಿ ಸಿ-300 ಎಂಬ ಕಾರನ್ನು ಮಾರಾಟಕ್ಕೆ ಇಟ್ಟಿತ್ತು. ಈ ಪರಂಪರೆಯ ಬೇರು ಅಲ್ಲಿದೆ, ಆ ಬೇರಿಗೆ ನೀರೆರೆದದ್ದು ಕಂಪನಿಯ ಕಷ್ಟಕಾಲ ಎಂಬುದು ನನ್ನ ವಾದ. ಟೋಪಿ ತೆಗೆಯದೆಯೇ ಒಳಗೆ ಕೂರುವಂತಿರಬೇಕೆಂದು ಹಟ ಹಿಡಿದಿದ್ದ ಮುಖ್ಯಸ್ಥ ಕೆ.ಟಿ. ಕೆಲ್ಲರ್ ಅವರ ಕಾಲದಿಂದ ಕ್ರೈಸ್ಲರ್ ಕಾರುಗಳು ಎತ್ತರವಾಗಿ, ಪೆಟ್ಟಿಗೆಯಂತೆ ಬರುತ್ತಿದ್ದವು. ಜನಕ್ಕೆ ಅವು ಹಳತಾಗಿ ಕಂಡವು, 1954ರ ಹೊತ್ತಿಗೆ ಮಾರಾಟ ಕುಸಿದಿತ್ತು. ಷೆವರ್ಲೆಗೆ ಕಾರ್ವೆಟ್ ಇತ್ತು, ಫೋರ್ಡ್ ಥಂಡರ್‌ಬರ್ಡ್ ತರುತ್ತಿತ್ತು. ಅಂಥ ಎರಡು ಸೀಟಿನ ಕಾರನ್ನು ಬುಡದಿಂದ ರೂಪಿಸುವ ಬದಲು ಎಂಜಿನಿಯರ್ ಬಾಬ್ ರಾಜರ್ ಮತ್ತು ವಿನ್ಯಾಸಕಾರ ವರ್ಜಿಲ್ ಎಕ್ಸ್‌ನರ್ ತಮ್ಮದೇ ಕಾರ್ಖಾನೆಯ ಉಗ್ರಾಣದತ್ತ ನೋಡಿದರು.

ಬಾಡಿ ನ್ಯೂಯಾರ್ಕರ್ ಮಾದರಿಯದು, ಮುಂದಿನ ಗ್ರಿಲ್ ದುಬಾರಿ ಇಂಪೀರಿಯಲ್‌ನದು, ಹಿಂಬದಿಯ ಪಕ್ಕೆ ಅಗ್ಗದ ವಿಂಡ್ಸರ್‌ನದು. ಎಂಜಿನ್ ಕೂಡ 1951ರಿಂದ ಬಳಕೆಯಲ್ಲಿದ್ದ 5.4 ಲೀಟರಿನ ವಿ-8. ಅದರ ದಹನಕೋಣೆಯ ಮೇಲ್ಭಾಗ ಬೋಗುಣಿ ಕವುಚಿಟ್ಟಂತೆ ಅರ್ಧಗೋಳವಾಗಿತ್ತು. ‘ಹೆಮಿ’ ಎಂದು ಜನ ಕರೆಯುವುದು ಅದಕ್ಕೇ. ಹೀಗಿದ್ದರೆ ಒಳಗೆ ಬಿಡುವ ವಾಲ್ವ್ ಒಂದು ಕಡೆ, ಹೊರಗೆ ಹಾಕುವ ವಾಲ್ವ್ ಎದುರು ಕಡೆ ಕೂರುತ್ತವೆ. ಎರಡನ್ನೂ ದೊಡ್ಡದಾಗಿ ಮಾಡಬಹುದು, ಸ್ಪಾರ್ಕ್ ಪ್ಲಗ್ ನಡುಮಧ್ಯಕ್ಕೆ ಬರುತ್ತದೆ, ಎಂಜಿನ್ ಸಲೀಸಾಗಿ ಉಸಿರಾಡುತ್ತದೆ. 1951ರಲ್ಲಿ 180 ಅಶ್ವಶಕ್ತಿ ಕೊಡುತ್ತಿದ್ದ ಅದೇ ಎಂಜಿನ್ನಿಗೆ ನಾಲ್ಕು ಬಾಯಿಯ ಎರಡು ಕಾರ್ಬುರೇಟರ್, ರೇಸಿಗೆ ಒಗ್ಗುವ ಕ್ಯಾಮ್‌ಶಾಫ್ಟ್ ಜೋಡಿಸಿದಾಗ ಶಕ್ತಿ 300ಕ್ಕೇರಿತು. ಆ ಅಂಕಿಯನ್ನೇ ಕಾರಿಗೆ ಹೆಸರಾಗಿ ಇಟ್ಟರು. ಬಿಗಿಯಾದ ಸ್ಪ್ರಿಂಗುಗಳನ್ನು ಕೊಟ್ಟರು. ಗೇರ್ ಮಾತ್ರ ಎರಡೇ ಹಂತದ ಆಟೋಮ್ಯಾಟಿಕ್.

ಬಿಡಿಭಾಗ ಕೂಡಿಸಿ ದೊಡ್ಡ ಅಂಕಿ ಅಂಟಿಸಿದ್ದು ಮಾರಾಟದ ತಂತ್ರವಲ್ಲವೇ ಎಂದು ಕೇಳಬಹುದು. ರೇಸಿನ ಅಂಗಳ ಅದಕ್ಕೆ ಉತ್ತರ ಕೊಟ್ಟಿದೆ. 1955ರಲ್ಲೇ ಡೇಟೋನಾ ಕಡಲತೀರದ ಮರಳಿನ ಮೇಲೆ ಈ ಕಾರು ಗಂಟೆಗೆ 205 ಕಿಲೋಮೀಟರಿಗೂ ಮಿಕ್ಕಿ ಓಡಿತು. ದೋಣಿಯ ಮೋಟಾರು ತಯಾರಿಸುತ್ತಿದ್ದ ವಿಸ್ಕಾನ್ಸಿನ್‌ನ ಉದ್ಯಮಿ ಕಾರ್ಲ್ ಕೀಕ್‌ಹೇಫರ್ ತಾವೇ ತಂಡ ಕಟ್ಟಿ ಈ ಕಾರುಗಳನ್ನು ನಾಸ್ಕಾರ್ ರೇಸಿಗೆ ಇಳಿಸಿದರು. ಅವರ ಚಾಲಕ ಟಿಮ್ ಫ್ಲಾಕ್ ಆ ವರ್ಷ 18 ರೇಸ್ ಗೆದ್ದು ಚಾಂಪಿಯನ್ ಆದರು. ಬರೀ ಜಾಹೀರಾತಿನ ಕಾರಾಗಿದ್ದರೆ ಹದಿನೆಂಟು ಬಾರಿ ಗೆಲ್ಲುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹಗುರ ಬಾಡಿಗೆ ಬಲವಾದ ವಿ-8 ಎಂಜಿನ್ ಹಾಕುವ ಕೆಲಸವನ್ನು ಓಲ್ಡ್ಸ್‌ಮೊಬೈಲ್ ತನ್ನ ರಾಕೆಟ್ 88ರಲ್ಲಿ 1949ರಲ್ಲೇ ಮಾಡಿತ್ತು. ಸಿ-300 ನಾಲ್ಕು ಸಾವಿರ ಡಾಲರ್ ದಾಟಿದ, ಭಾರಿ ಗಾತ್ರದ, ಉಳ್ಳವರ ಕಾರು. ಮೊದಲ ವರ್ಷ ತಯಾರಾದದ್ದು 1,700 ಚಿಲ್ಲರೆ ಮಾತ್ರ. ಇದೆಲ್ಲ ನಿಜ. ಆದರೆ 88 ವೇಗವಾಗಿ ಓಡಬಲ್ಲ ಸಂಸಾರದ ಕಾರು. ವೇಗವನ್ನೇ ಗುರುತಾಗಿಸಿಕೊಂಡು, ವರ್ಷವರ್ಷವೂ ಹೊಸ ಅಕ್ಷರ ತೊಟ್ಟು ಸಾಲಾಗಿ ಬಂದದ್ದು 300. 1956ರ 300ಬಿಯ ಮೇಲ್ದರ್ಜೆಯ ಎಂಜಿನ್ 354 ಘನ ಅಂಗುಲದಲ್ಲಿ 355 ಅಶ್ವಶಕ್ತಿ ಕೊಟ್ಟಿತು. ಪ್ರತಿ ಘನ ಅಂಗುಲಕ್ಕೆ ಒಂದು ಅಶ್ವಶಕ್ತಿಯನ್ನು ದಾಟುವುದು ಆ ಕಾಲಕ್ಕೆ ಸಣ್ಣ ಸಾಧನೆಯಲ್ಲ. ಬೆಲೆಯ ವಿಷಯಕ್ಕೆ ಬಂದರೆ, ದೊಡ್ಡ ಪಾಂಟಿಯಾಕ್‌ನ 6.4 ಲೀಟರ್ ಎಂಜಿನ್ನನ್ನು ಮಧ್ಯಮ ಗಾತ್ರದ ಟೆಂಪೆಸ್ಟ್‌ಗೆ ಇಳಿಸಿ ಜಿಟಿಒ ಮಾಡಿದವರು ಬಳಸಿದ್ದೂ ಇದೇ ಉಗ್ರಾಣದ ಸೂತ್ರ. ಅವರು ಅದನ್ನು ಸಾಮಾನ್ಯ ಯುವಕರ ಕೈಗೆಟುಕುವ ಬೆಲೆಗೆ ತಂದರು, ಮೊದಲ ವರ್ಷವೇ 32,000ಕ್ಕೂ ಹೆಚ್ಚು ಕಾರು ಮಾರಿದರು. ಮರುವರ್ಷ, 1965ರಲ್ಲಿ, 300ಎಲ್‌ನೊಂದಿಗೆ ಕ್ರೈಸ್ಲರ್ ತನ್ನ ಅಕ್ಷರಗಳ ಸಾಲನ್ನು ನಿಲ್ಲಿಸಿತು.